ಸ್ಪೀಡ್ ಕೊಟ್ಟರೆ ನಿಲ್ಲುವ ಎಸಿ

ಬಿಸು ಹಬ್ಬ ಕಳೆದು ನಾಲ್ಕೈದು ದಿನ ಆಗಿರಬೇಕು. ಗುರುವಾರ ಬೆಳಿಗ್ಗೆ ಎಂಟು ಗಂಟೆಗೇ ಒಬ್ಬರು ಬೋಟ್ ಯಜಮಾನರ ಫೋನು. "ನೀವು ದುಬೈಯಲ್ಲಿ ಬೋಟಿನ ಎಸಿ ಕೆಲಸ ಮಾಡಿದವರಂತೆ, ಹೌದಾ? ನಮ್ಮದಕ್ಕೆ ಎರಡು ಸಲ ಗ್ಯಾಸ್ ತುಂಬಿಸಿ ಆಯ್ತು. ಹತ್ತು ನಿಮಿಷ ತಂಪು ಕೊಡ್ತದೆ, ಮತ್ತೆ ಬಂದ್. ಶನಿವಾರ ಬೆಂಗಳೂರಿನಿಂದ ಗೆಸ್ಟ್ ಬರ್ಲಿಕ್ಕುಂಟು."

ಎರಡು ಸಲ ಗ್ಯಾಸ್ ಎಂದು ಕೇಳಿದ ಕೂಡಲೇ ನನಗೆ ಅರ್ಧ ಕಥೆ ಗೊತ್ತಾಯ್ತು. ಉಳಿದರ್ಧ ಗೊತ್ತಾಗಲಿಕ್ಕೆ ಒಂದು ವಾರ ಹಿಡಿಯಿತು. ಅದರಲ್ಲಿ ನಾಲ್ಕು ದಿನ ಹಾಳಾದದ್ದು ನನ್ನದೇ ಅಹಂಕಾರದಿಂದ.

ನನ್ನ ವಿಷಯ ಸ್ವಲ್ಪ ಹೇಳಬೇಕು. ದುಬೈಯಲ್ಲಿ ಹನ್ನೊಂದು ವರ್ಷ ಇದ್ದೆ. ಮೊದಲ ಮೂರು ವರ್ಷ ಬಿಲ್ಡಿಂಗುಗಳ ಎಸಿ, ಆಮೇಲೆ ದೊಡ್ಡವರ ಮೋಜಿನ ಬೋಟುಗಳ ಎಸಿ. ಆಗಸ್ಟಿನಲ್ಲಿ ಅಲ್ಲಿ ಸಮುದ್ರದ ನೀರೇ 34 ಡಿಗ್ರಿ ಇರ್ತದೆ. ಆ ನೀರಿನಲ್ಲಿ ಎಸಿ ಓಡಿಸಿದವನಿಗೆ ಮಲ್ಪೆಯ 30 ಡಿಗ್ರಿ ನೀರು ಎಂತ ಮಹಾ ಎಂಬ ಧೈರ್ಯ. ಊರಿಗೆ ಬಂದು ಕಲ್ಮಾಡಿಯಲ್ಲಿ ಮನೆ ಮಾಡಿ ಎಂಟು ವರ್ಷ ಆಯ್ತು. ಈಗ ಹೊಟ್ಟೆಪಾಡು ಪೂರ್ತಿ ಸ್ಪ್ಲಿಟ್ ಎಸಿಯದ್ದು. ಕಡಲ ಬದಿಯ ಮನೆಗಳಲ್ಲಿ ಹೊರಗಿನ ಯೂನಿಟ್ಟಿನ ಅಲ್ಯುಮಿನಿಯಂ ರೆಕ್ಕೆಗಳು ಉಪ್ಪುಗಾಳಿಗೆ ಹಪ್ಪಳದ ಹಾಗೆ ಪುಡಿಯಾಗ್ತವೆ, ನಮಗೆ ಕೆಲಸಕ್ಕೆ ಬರ ಇಲ್ಲ. ಆದರೆ ಬೋಟಿನ ಎಸಿ ಎಂದರೆ ಈಗಲೂ ಒಂದು ಖುಷಿ. ಅಳಿಯನನ್ನು ಎಬ್ಬಿಸಿ, ಸ್ಕೂಟರಿಗೆ ಟೂಲ್ ಬ್ಯಾಗ್ ಕಟ್ಟಿಕೊಂಡು ಹೊರಟೆ.

ಬೋಟು ಪಡುಕೆರೆ ಬದಿಯಲ್ಲಿ, ಹೊಳೆಯಲ್ಲಿ ಕಟ್ಟಿತ್ತು. 34 ಅಡಿಯ ಫೈಬರ್ ಬೋಟು, ಗೋವಾದಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಒಳಗೆ ಎರಡು ಮಂಚದ ಸಣ್ಣ ಕೋಣೆ, ಅಡಿಗೆಗೆ ಒಂದು ಕಟ್ಟೆ, ಒಂದು ಕಕ್ಕಸು. ಯಜಮಾನರು ಮಣಿಪಾಲದವರು, ಕಟ್ಟಡ ಕಟ್ಟಿಸುವ ಕೆಲಸ. ವಾರಕ್ಕೊಮ್ಮೆ ಬಂದು ಕೂತು ಹೋಗುವುದು ಬಿಟ್ಟರೆ ಬೋಟಿನ ಮೇಲೆ ಅವರಿಗೆ ಬೇರೆ ಹಿಡಿತ ಇಲ್ಲ. ಬೋಟನ್ನು ನೋಡಿಕೊಳ್ಳುವುದು ಒಬ್ಬರು ಹಳೇ ತಾಂಡೇಲರು. ಮೂವತ್ತೈದು ವರ್ಷ ಆಳಸಮುದ್ರದ ಮೀನಿನ ಬೋಟು ನಡೆಸಿ, ಮೊಣಕಾಲು ನೋವು ಶುರುವಾದ ಮೇಲೆ ಈ ಕೆಲಸಕ್ಕೆ ಬಂದವರು. ಹತ್ತು ಹನ್ನೆರಡು ದಿನ ಐಸಿನ ಮೇಲೆ ಮೀನು ಕಾಪಾಡಿದ ಮನುಷ್ಯನಿಗೆ ಈ ಎಸಿ ಒಂದು ತಮಾಷೆ. "ಗಾಳಿ ಬರುವ ಕಡಲಲ್ಲಿ ಕಿಟಕಿ ಮುಚ್ಚಿ ಗಾಳಿ ಹಾಕಿಸಿಕೊಳ್ಳುದು ಎಂತಕ್ಕೆ ಮಾರಾಯ?" ಎಂದು ನನ್ನನ್ನೇ ಕೇಳಿದರು. (ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೀತಾ ಇದ್ದೇನೆ.)

ನಾನು ಬ್ಯಾಗ್ ಇಳಿಸುವಾಗಲೇ ಅವರು ಒಂದು ಮಾತು ಹೇಳಿದ್ದರು. "ನೋಡು, ಇದು ನಿಧಾನ ಹೋದರೆ ಸರಿ ಇರ್ತದೆ. ಸ್ಪೀಡ್ ಕೊಟ್ಟರೆ ನಿಲ್ತದೆ. ಹೋದ ಮಳೆಗಾಲಕ್ಕೆ ಮೊದಲು ಹೀಗೆ ಇರಲಿಲ್ಲ."

"ಆಯ್ತು ತಾಂಡೇಲ್ರೆ, ನೋಡುವ" ಎಂದೆ. ನೋಡಲಿಲ್ಲ. ಬೋಟಿನ ಸ್ಪೀಡಿಗೂ ಎಸಿಗೂ ಎಂತ ಸಂಬಂಧ, ಎಸಿ ಓಡುವುದು ಜನರೇಟರಿನಲ್ಲಲ್ಲವಾ ಎಂದು ಮನಸ್ಸಿನಲ್ಲೇ ನಕ್ಕೆ. ಹನ್ನೊಂದು ವರ್ಷ ದುಬೈಯಲ್ಲಿ ಇದ್ದವನು ನಾನು.

ಮುಂದಿನದ್ದು ಅರ್ಥ ಆಗಬೇಕಾದರೆ ಈ ಎಸಿಯ ಸಂಗತಿ ತಿಳಿದಿರಬೇಕು. ಮನೆಯ ಸ್ಪ್ಲಿಟ್ ಎಸಿ ಕೋಣೆಯ ಬಿಸಿಯನ್ನು ಎಳೆದು ಹೊರಗಿನ ಗಾಳಿಗೆ ಬಿಡ್ತದೆ, ಅದಕ್ಕೇ ಹೊರಗೆ ಫ್ಯಾನು. ಇಂಥ ಬೋಟಿನಲ್ಲಿ ಹೊರಗಿನ ಯೂನಿಟ್ ಎಂಬುದೇ ಇಲ್ಲ. ಕಂಪ್ರೆಸರ್, ಕಾಯಿಲು ಎಲ್ಲ ಒಂದೇ ಪೆಟ್ಟಿಗೆಯಲ್ಲಿ, ಮಂಚದ ಅಡಿಗೆ. ಬಿಸಿ ಹೋಗುವುದು ಸಮುದ್ರದ ನೀರಿಗೆ. ಬೋಟಿನ ಅಡಿಯಲ್ಲಿ ಒಂದು ತೂತು, ತೂತಿಗೆ ಸೀಕಾಕ್ ಎಂಬ ವಾಲ್ವು, ಅಲ್ಲಿಂದ ಕಸ ಹಿಡಿಯುವ ಸ್ಟ್ರೈನರ್, ಆಮೇಲೆ ಪಂಪು, ಆಮೇಲೆ ಕಂಡೆನ್ಸರು, ಅಂದರೆ ಗ್ಯಾಸಿನ ಬಿಸಿಯನ್ನು ನೀರಿಗೆ ದಾಟಿಸುವ ಕೊಳವೆ. ಆ ಕೊಳವೆ ಬರೀ ತಾಮ್ರದ್ದಲ್ಲ, ತಾಮ್ರ ಮತ್ತು ನಿಕ್ಕಲ್ ಸೇರಿಸಿದ್ದು, ಇಲ್ಲದಿದ್ದರೆ ಉಪ್ಪುನೀರಿಗೆ ಬಾಳಿಕೆ ಬರುವುದಿಲ್ಲ. ಬಿಸಿ ಹೊತ್ತ ನೀರು ಕೊನೆಗೆ ಬೋಟಿನ ಬದಿಯ ಇನ್ನೊಂದು ತೂತಿನಿಂದ ಹೊರಗೆ ಬೀಳ್ತದೆ. ಅಷ್ಟೇ.

ಸ್ವರ್ಣಾ ಹೊಳೆಯ ಕಡೆ ನಾನು ನೋಡಿದ ಹೌಸ್‌ಬೋಟುಗಳಲ್ಲಿ ಇರುವುದು ಮನೆಯದ್ದೇ ಸ್ಪ್ಲಿಟ್ ಎಸಿ, ಹೊರಗಿನ ಯೂನಿಟ್ಟು ಮಾಡಿನ ಮೇಲೋ ಹಿಂದುಗಡೆಯೋ ಕೂತಿರ್ತದೆ. ಅದು ರಿಪೇರಿಗೆ ಸುಲಭ. ಹಾಗಾಗಿ ನಮ್ಮ ಊರಿನ ಮೆಕ್ಯಾನಿಕ್ ಹುಡುಗರಿಗೆ ನೀರಿನ ಎಸಿಯ ಅಭ್ಯಾಸ ಇಲ್ಲ. ತಂಪಾಗುವುದಿಲ್ಲ ಎಂದರೆ ಗ್ಯಾಸ್ ದಿಂಜಾಲೆ, ತುಂಬಿಸಿ ಎಂದು. ಈ ಪೆಟ್ಟಿಗೆ ಮಾತ್ರ ಕಾರ್ಖಾನೆಯಲ್ಲೇ ತೂಕ ಮಾಡಿ ಗ್ಯಾಸ್ ತುಂಬಿಸಿ ಮುಚ್ಚಿದ್ದು, ಫ್ರಿಜ್ಜಿನ ಹಾಗೆ. ಎಲ್ಲಿಯೂ ಎಣ್ಣೆ ಜಿನುಗಿದ ಗುರುತು ಇಲ್ಲದಿದ್ದರೆ ಗ್ಯಾಸ್ ಕಡಿಮೆ ಆಗುವುದು ಅಪರೂಪ. ಬೋಟಿನ ಎಸಿ ಎಂದರೆ ನೂರಕ್ಕೆ ತೊಂಬತ್ತು ಪಾಲು ನೀರಿನ ಕೇಸು. ಇದು ನನ್ನ ಅಂದಾಜು, ಲೆಕ್ಕ ಇಟ್ಟದ್ದಲ್ಲ.

ಆದ್ದರಿಂದ ನಾನು ಗ್ಯಾಸಿನ ಒತ್ತಡ ನೋಡುವ ಗೇಜ್ ಮುಟ್ಟಲಿಲ್ಲ. ಮೊದಲು ಪೆಟ್ಟಿಗೆಯ ಮೇಲಿನ ಲೇಬಲ್ ಓದಿದೆ. 230 ವೋಲ್ಟ್, 50 ಹರ್ಟ್ಜ್, 16,000 ಬಿಟಿಯು (ತಂಪು ಮಾಡುವ ಶಕ್ತಿಯ ಅಳತೆ), ಆರ್-410ಎ ಗ್ಯಾಸು, 510 ಗ್ರಾಂ. ಅಮೆರಿಕದಿಂದ ಬಂದ ಕೆಲವು ಬೋಟುಗಳಲ್ಲಿ 115 ವೋಲ್ಟು, 60 ಹರ್ಟ್ಜಿನದ್ದು ಇರ್ತದೆ. ಅದನ್ನು ಓದದೆ ಕೈ ಹಾಕಿದವನು ಕೈ ಸುಟ್ಟುಕೊಂಡ ಹಾಗೆಯೇ. ಆಮೇಲೆ ಎಸಿ ಹಾಕಿಸಿ, ಬದಿಯಿಂದ ನೀರು ಬೀಳುವ ತೂತಿನ ಅಡಿಗೆ ಅಳಿಯನ ಕೈಯಲ್ಲಿ ಹತ್ತು ಲೀಟರಿನ ಬಕೆಟ್ ಹಿಡಿಸಿದೆ. ಮೊಬೈಲಿನಲ್ಲಿ ಸಮಯ ನೋಡಿದರೆ ಬಕೆಟ್ ತುಂಬಲಿಕ್ಕೆ 1 ನಿಮಿಷ 40 ಸೆಕೆಂಡ್. ಅಂದರೆ ನಿಮಿಷಕ್ಕೆ ಆರೇ ಲೀಟರ್. ಇಷ್ಟು ದೊಡ್ಡ ಎಸಿಗೆ ನಿಮಿಷಕ್ಕೆ ಹದಿನಾಲ್ಕು ಹದಿನೈದು ಲೀಟರ್ ಆದರೂ ಬೇಕು.

"ಮಾಮ, ನೀರು ಬಿಸಿ ಉಂಟು" ಎಂದ ಅಳಿಯ. ಥರ್ಮಾಮೀಟರ್ ಹಾಕಿದೆ. ಹೊಳೆಯ ನೀರು 30, ಹೊರಗೆ ಬೀಳುವ ನೀರು 44. ಸರಿಯಾಗಿ ನೀರು ಹರಿದರೆ ಐದಾರು ಡಿಗ್ರಿಗಿಂತ ಹೆಚ್ಚು ಏರಬಾರದು. ಹನ್ನೊಂದನೇ ನಿಮಿಷಕ್ಕೆ ಪ್ಯಾನೆಲ್ ಮೇಲೆ ಎಚ್‌ಪಿಎಫ್ ಎಂಬ ಮೂರು ಅಕ್ಷರ ಬಂದು ಕಂಪ್ರೆಸರ್ ನಿಂತಿತು. ಹೈ ಪ್ರೆಶರ್ ಫಾಲ್ಟ್. ಬಿಸಿ ಹೋಗಲಿಕ್ಕೆ ದಾರಿ ಸಾಕಾಗದೆ ಒಳಗಿನ ಗ್ಯಾಸಿನ ಒತ್ತಡ ಏರುತ್ತಾ ಹೋಗಿ, ಕಂಪ್ರೆಸರನ್ನು ಉಳಿಸಲಿಕ್ಕೆ ಸ್ವಿಚ್ಚು ತಾನಾಗಿ ಕಡಿದದ್ದು. ಇದಕ್ಕೆ ಇನ್ನಷ್ಟು ಗ್ಯಾಸ್ ತುಂಬಿಸುವುದೆಂದರೆ ಏದುಸಿರು ಬಿಡುವವನ ತಲೆ ಮೇಲೆ ಇನ್ನೊಂದು ಮೂಟೆ ಹೊರಿಸಿದ ಹಾಗೆ.

ಸೀಕಾಕ್ ಮುಚ್ಚಿ ಸ್ಟ್ರೈನರ್ ಬಿಚ್ಚಿದೆ. ದೇವರೇ. ನೀಲಿ ಬಲೆಯ ನೂಲು, ಮೀನಿನ ಸಿಪ್ಪೆ, ಗುಟ್ಕಾ ಪ್ಯಾಕೆಟಿನ ತುಂಡು, ಉಗುರಿನಷ್ಟೇ ದೊಡ್ಡ ಪಚ್ಚಿಲೆ (ಬಂಡೆಗೆ ಅಂಟುವ ಚಿಪ್ಪುಜೀವಿ) ಮರಿಗಳು ಗೊಂಚಲು ಗೊಂಚಲಾಗಿ. ಸ್ಟ್ರೈನರ್ ಬುಟ್ಟಿಯನ್ನು ಕೊನೇ ಸಲ ತೊಳೆದದ್ದು ಯಾವಾಗ ಎಂದು ಕೇಳಿದರೆ, ಅಂಥದ್ದೊಂದು ಬುಟ್ಟಿ ಉಂಟು ಎಂಬುದೇ ಅಲ್ಲಿ ಯಾರಿಗೂ ಗೊತ್ತಿಲ್ಲ. ತಾಂಡೇಲರು ಪಚ್ಚಿಲೆ ಮರಿಗಳನ್ನು ಕೈಯಲ್ಲಿ ಹಿಡಿದು, "ಇನ್ನು ಎರಡು ತಿಂಗಳು ಬಿಟ್ಟಿದ್ದರೆ ಊಟಕ್ಕೆ ಒಂದು ಪಚ್ಚಿಲೆ ಪುಂಡಿ ಆಗ್ತಿತ್ತು" ಎಂದರು. ತೊಳೆದು ಹಾಕಿ ಬಕೆಟ್ ಹಿಡಿದರೆ 55 ಸೆಕೆಂಡ್. ಪರವಾಗಿಲ್ಲ, ಆದರೆ ಸಾಲದು.

ಎರಡನೇ ಕಳ್ಳ ಪೈಪಿನಲ್ಲಿದ್ದ. ಈ ಪಂಪುಗಳು ತಾವಾಗಿ ಗಾಳಿಯನ್ನು ಎಳೆದು ಹಾಕುವ ಜಾತಿ ಅಲ್ಲ. ನೀರು ತಾನಾಗಿ ಬಂದು ಹೊಟ್ಟೆ ತುಂಬಿದರೆ ಮಾತ್ರ ತಳ್ಳುತ್ತವೆ. ಅದಕ್ಕೇ ಅವನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸುವುದು. ಪೈಪು ಸೀಕಾಕಿನಿಂದ ಕಂಡೆನ್ಸರಿನ ತನಕ ಏರುತ್ತಲೇ ಹೋಗಬೇಕು, ನಡುವೆ ಎಲ್ಲಿಯೂ ಇಳಿದು ಹತ್ತಬಾರದು. ಇಲ್ಲಿ ಯಾರೋ ಬ್ಯಾಟರಿ ಇಡಲಿಕ್ಕೆ ಜಾಗ ಮಾಡುವಾಗ ಪೈಪನ್ನು ಒಂದು ಅಡ್ಡಪಟ್ಟಿಯ ಮೇಲಿನಿಂದ ಒಂಟೆಯ ಬೆನ್ನಿನ ಹಾಗೆ ಹಾಯಿಸಿದ್ದರು. ಆ ಗೂನಿನಲ್ಲಿ ಗಾಳಿ ಕೂತುಬಿಟ್ಟಿತ್ತು. ಪೈಪು ಬಿಚ್ಚಿ, ಪಟ್ಟಿಯ ಅಡಿಯಿಂದ ತಂದು, ಪಂಪಿನ ಆಚೆಯ ಜೋಡಣೆ ಸ್ವಲ್ಪ ಸಡಿಲಿಸಿ ಗಾಳಿ ಬಿಟ್ಟೆ. ಪುಸ್ ಪುಸ್ ಎಂದು ಎರಡು ಸಲ ಉಗುಳಿ ನೀರು ಬಂತು. ಬಕೆಟ್ 42 ಸೆಕೆಂಡಿಗೆ ತುಂಬಿತು.

ಆಮೇಲೆಯೇ ಗ್ಯಾಸಿನ ಕೆಲಸ. ಒಳಗಿದ್ದದ್ದನ್ನು ಖಾಲಿ ಸಿಲಿಂಡರಿಗೆ ಎಳೆದು ತಕ್ಕಡಿಯಲ್ಲಿಟ್ಟರೆ 690 ಗ್ರಾಂ. ಲೇಬಲ್ಲಿಗಿಂತ 180 ಗ್ರಾಂ ಹೆಚ್ಚು. ಒಳಗಿನ ಗಾಳಿ, ತೇವ ಎಲ್ಲ ಹೋಗಲಿಕ್ಕೆ ಒಂದು ಗಂಟೆ ವ್ಯಾಕ್ಯೂಮ್ ಇಟ್ಟು, ಹೊಸ ಗ್ಯಾಸನ್ನು ತೂಕ ಮಾಡಿ 510 ಗ್ರಾಂ ಹಾಕಿದೆ. ಆರ್-410ಎ ಎಂದರೆ ಎರಡು ಗ್ಯಾಸುಗಳ ಬೆರಕೆ. ಸಿಲಿಂಡರಿನಿಂದ ದ್ರವರೂಪದಲ್ಲೇ ತೆಗೆದು, ತೂಕದಿಂದಲೇ ಹಾಕಬೇಕು. ಪೈಪು ಮುಟ್ಟಿ ನೋಡಿ 'ಹಾ, ತಂಪಾಯ್ತು' ಎಂದು ನಿಲ್ಲಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಸಂಜೆ ಐದಕ್ಕೆ ಮಂಚದ ಬದಿಯ ಜಾಲರಿಯಲ್ಲಿ 14 ಡಿಗ್ರಿ ಗಾಳಿ, ಎಸಿ ಒಳಗೆ ಎಳೆಯುವ ಗಾಳಿ 25. ಹನ್ನೊಂದು ಡಿಗ್ರಿಯ ಅಂತರ, ಫಸ್ಟ್ ಕ್ಲಾಸ್. ಒಂದೂವರೆ ಗಂಟೆ ನಿಲ್ಲದೆ ಓಡಿತು. ಇನ್ನೊಂದು ಉಪಕಾರವನ್ನೂ ಮಾಡಿದೆ. ಎಸಿಯಿಂದ ತೊಟ್ಟಿಕ್ಕುವ ನೀರು ಸೀದಾ ಬೋಟಿನ ತಳಕ್ಕೆ ಬೀಳ್ತಾ ಇತ್ತು, ಕೋಣೆಯೆಲ್ಲ ಹಳಸಿದ ಗಂಜಿಯ ವಾಸನೆ. ಅದಕ್ಕೊಂದು ಪೈಪು ಕೊಟ್ಟು ಸ್ನಾನದ ನೀರು ಹೋಗುವ ತೊಟ್ಟಿಗೆ ಬಿಟ್ಟೆ. ನಮ್ಮ ಊರಿನ ಗಾಳಿಯಲ್ಲಿ ತೇವ ಎಷ್ಟು ಎಂದು ನೋಡಬೇಕಾದರೆ ಆ ಪೈಪಿನ ಬಾಯಿಗೆ ಚೊಂಬು ಇಡಿ. ಯಜಮಾನರು ಗೂಗಲ್ ಪೇ ಮಾಡಿದರು. ನಾನು ಮನೆಗೆ ಬಂದು ಬಂಗುಡೆ ಪುಳಿಮುಂಚಿಯಲ್ಲಿ ಊಟ ಮಾಡಿ, ಹೆಂಡತಿಗೆ ಒಂದು ಗಂಟೆ ನನ್ನ ಪ್ರತಾಪ ಕೊರೆದು ಮಲಗಿದೆ.

ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಫೋನು. ತಾಂಡೇಲರು. ಹಿಂದೆ ಇಂಜಿನಿನ ಸದ್ದು, ಮಕ್ಕಳ ಕಿರುಚಾಟ. "ನಿನ್ನ ಎಸಿ ನಿಂತಿತು ನೋಡು. ಸೈಂಟ್ ಮೇರೀಸ್ ಹತ್ತಿರ ಇದ್ದೇವೆ."

ಮಲ್ಪೆಯಿಂದ ದ್ವೀಪಕ್ಕೆ ಆರೇಳು ಕಿಲೋಮೀಟರ್ ಅಷ್ಟೇ. ಅಷ್ಟರಲ್ಲಿ ನಿಲ್ಲುವುದೆಂದರೆ? ಒಳಗೆ ಎಷ್ಟು ಜನ ಎಂದು ಕೇಳಿದೆ, ಒಂಬತ್ತು. ಬಾಗಿಲು? ತೆಗೆದೇ ಉಂಟು. "ಹಾಗಾದರೆ ಮತ್ತೆ! ಒಂಬತ್ತು ಜನ, ಬಾಗಿಲು ತೆರೆದು, ನಡು ಮಧ್ಯಾಹ್ನ ಎಂದರೆ ಯಾವ ಎಸಿ ತಡೀತದೆ?" ಎಂದು ನಾನೇ ದಬಾಯಿಸಿದೆ. ಹತ್ತು ನಿಮಿಷ ಬಿಟ್ಟು ಅವರದ್ದೇ ಫೋನು. "ಲಂಗರು ಹಾಕಿದೆವು. ಈಗ ತಾನಾಗಿ ಸರಿ ಆಯ್ತು." ವಾಟ್ಸ್ಯಾಪಿನಲ್ಲಿ ಒಂದು ಫೋಟೋ ಕೂಡ ಬಂತು, ನಿಂತಾಗ ತೆಗೆದದ್ದು. ಪ್ಯಾನೆಲ್ ಮೇಲೆ ಅದೇ ಮೂರು ಅಕ್ಷರ.

ಜನ ಹೆಚ್ಚಾದರೆ, ಬಾಗಿಲು ತೆರೆದರೆ ಕೋಣೆ ತಂಪಾಗಲಿಕ್ಕಿಲ್ಲ, ಹೌದು. ಆದರೆ ಅದರಿಂದ ಹೈ ಪ್ರೆಶರ್ ಫಾಲ್ಟ್ ಬರುವುದಿಲ್ಲ. ಫೋಟೋ ನೋಡಿದ ಮೇಲೆ ಇಷ್ಟು ನನಗೆ ತಿಳಿಯಿತು. ಆದರೂ ತಲೆ ಎಲ್ಲಿಗೆ ಹೋಯ್ತು ಎಂದರೆ ಕಂಡೆನ್ಸರಿನ ಒಳಗೆ. ಇಷ್ಟು ವರ್ಷ ಉಪ್ಪುನೀರು ಕುಡಿದ ಕೊಳವೆ, ಒಳಗೋಡೆಗೆ ಸುಣ್ಣದ ಹಾಗೆ ಗಟ್ಟಿ ಹಿಡಿದಿರಬೇಕು, ಬಿಸಿ ದಾಟುತ್ತಿಲ್ಲ. ದುಬೈಯಲ್ಲಿ ನೂರು ಸಲ ನೋಡಿದ ರೋಗ.

ಸೋಮವಾರ ಪೂರ್ತಿ ಅದಕ್ಕೇ ಹೋಯ್ತು. ದಿನಸಿ ಅಂಗಡಿಯಿಂದ ಎರಡು ಕಿಲೋ ಸಿಟ್ರಿಕ್ ಆಸಿಡ್, ಅದೇ ಲಿಂಬೆ ಉಪ್ಪು ಎನ್ನುತ್ತಾರಲ್ಲ ಅದು. ಇಪ್ಪತ್ತು ಲೀಟರ್ ನೀರಿಗೆ ಕರಗಿಸಿ, ಕಂಡೆನ್ಸರಿನ ಎರಡೂ ತುದಿ ಬಿಚ್ಚಿ, ಕೂಲರಿನ ಸಣ್ಣ ಪಂಪಿನಿಂದ ಬಕೆಟಿನ ಒಳಗೇ ಸುತ್ತಿಸಿದೆ. ಕಕ್ಕಸಿಗೆ ಹಾಕುವ ಆಸಿಡನ್ನು ಸೀದಾ ಸುರಿಯುವವರನ್ನೂ ಕಂಡಿದ್ದೇನೆ. ಕೊಳಕಿನ ಜೊತೆ ಕೊಳವೆಯೂ ಹೋಗ್ತದೆ. ಲಿಂಬೆ ಉಪ್ಪು ಮೊದಲು ಸ್ವಲ್ಪ ನೊರೆ ಬಂತು, ಅರ್ಧ ಗಂಟೆಯಲ್ಲಿ ನಿಂತಿತು. ನೀರು ತೆಳು ಚಹಾದ ಬಣ್ಣ. ಅಂದರೆ ಒಳಗೆ ಅಂಥಾ ಗಟ್ಟಿ ಎಂತದೂ ಇರಲಿಲ್ಲ. ಅಲ್ಲಿಗೇ ನನಗೆ ಎಚ್ಚರ ಆಗಬೇಕಿತ್ತು. ಆಗಲಿಲ್ಲ. ಕಟ್ಟಿದಲ್ಲೇ ಎಸಿ ಓಡಿಸಿದೆ. ಬಕೆಟ್ 41 ಸೆಕೆಂಡ್, ನೀರು 36 ಡಿಗ್ರಿ, ಗಾಳಿ 13. ಕಾಯಿಲೆ ಇಲ್ಲದ ರೋಗಿ.

ಆಗ ಅಳಿಯ ಒಂದು ಮಾತು ಹೇಳಿದ. ಐಟಿಐ ಮುಗಿಸಿ ಒಂದೂವರೆ ವರ್ಷ ಆಗಿದೆ ಅಷ್ಟೇ, ಹೆಚ್ಚು ಮಾತಾಡುವವನಲ್ಲ. "ಮಾಮ, ನಾವು ಎರಡು ಸಲವೂ ಕಟ್ಟಿದಲ್ಲೇ ನೋಡಿದ್ದಲ್ಲವಾ? ಇವರು ಹೋಗುವಾಗ ನಿಲ್ತದೆ ಅಂತ ಹೇಳುದು."

ತಾಂಡೇಲರು ಹಿಂದೆ ಕೂತು ಎಲೆ ಅಡಿಕೆ ಮೆಲ್ಲುತ್ತಾ ಇದ್ದರು. ಎಂತದೂ ಹೇಳಲಿಲ್ಲ. ಹೇಳಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಬೋಟು ಬಿಡಿಸಿದೆವು. ನಾನು ಮಂಚದ ಹಲಗೆ ತೆಗೆದು ಸ್ಟ್ರೈನರಿನ ಎದುರು ಅಂಗಾತ ಮಲಗಿದೆ. ಅದರ ಮೈ ಪಾರದರ್ಶಕ ಪ್ಲಾಸ್ಟಿಕ್ಕು, ಟಾರ್ಚ್ ಹಿಡಿದರೆ ಒಳಗಿನ ನೀರು ಕಾಣ್ತದೆ. ಅಳಿಯ ಮೇಲೆ, ಬದಿಯಿಂದ ಬೀಳುವ ನೀರನ್ನು ನೋಡುತ್ತಾ. ಅಳಿವೆ ಬಾಗಿಲು ದಾಟುವ ತನಕ ನಿಧಾನ, ಎಲ್ಲ ಸರಿ. ಹೊರಗೆ ಕಡಲು ಕನ್ನಡಿಯ ಹಾಗೆ. "ಕೊಡ್ಲಾ?" ಎಂದು ತಾಂಡೇಲರು ಕೇಳಿದರು. ಕೊಡಿ ಎಂದೆ.

ಮೂತಿ ಎತ್ತಿ ಬೋಟು ಓಡಿತು. ಅರ್ಧ ನಿಮಿಷ ಆಗಿರಬಹುದು, ಸ್ಟ್ರೈನರಿನ ಒಳಗೆ ಸಾಸಿವೆಯಂಥ ಗುಳ್ಳೆಗಳು. ಆಮೇಲೆ ಕಡಲೆಯಷ್ಟು. ಆಮೇಲೆ ನೀರಿನ ಮಟ್ಟ ನನ್ನ ಕಣ್ಣೆದುರೇ ಇಳಿಯುತ್ತಾ ಬಂತು, ಸೋಡಾ ಬಾಟಲಿ ಕುಡಿದು ಮುಗಿಸುವ ಹಾಗೆ. ಮೇಲಿನಿಂದ ಅಳಿಯ ಕೂಗಿದ, "ನೀರ್ ಬರ್ಪುಜಿ!" ನೀರು ಬರುವುದಿಲ್ಲ ಎಂದು. ಪಂಪಿನ ಸದ್ದು ತೆಳುವಾಯ್ತು. ನಾಲ್ಕು ನಿಮಿಷಕ್ಕೆ ಎಚ್‌ಪಿಎಫ್. ಇಂಜಿನ್ ಇಳಿಸಿ ಬೋಟು ನಿಲ್ಲಿಸಿದರೆ, ಸ್ವಲ್ಪ ಹೊತ್ತಿನಲ್ಲಿ ಗುಳುಗುಳು ಎಂದು ನೀರು ಮತ್ತೆ ತುಂಬಿತು. ಗುರುವಾರ ನಾನು ಪೈಪಿನ ಗೂನು ತೆಗೆದದ್ದರಿಂದ ಗಾಳಿ ತಾನಾಗಿ ಮೇಲೆ ಹೋಗುತ್ತಿತ್ತು. ಅದಕ್ಕೆ ಮೊದಲು ಬೋಟು ಬಂದು ಕಟ್ಟಿದ ಮೇಲೂ ಗಾಳಿ ಗೂನಿನಲ್ಲೇ ಕೂತಿರುತ್ತಿತ್ತು. ಅಂದರೆ ನಾನು ಹಿಡಿದದ್ದು ಕಳ್ಳನನ್ನಲ್ಲ, ಕಳ್ಳ ಬಿಟ್ಟುಹೋದ ಚಪ್ಪಲಿಯನ್ನು.

"ಯಾನ್ ಪಂಡೆನತ್ತ" ಎಂದರು ತಾಂಡೇಲರು. ನಾನು ಹೇಳಿದೆನಲ್ಲ ಎಂದು. ಒಂದೇ ಸಲ ಹೇಳಿದರು, ಅದೂ ಮೆತ್ತಗೆ.

ಹೋಗುವಾಗ ಮಾತ್ರ ಗಾಳಿ ನುಗ್ಗುವುದೆಂದರೆ ತೊಂದರೆ ಬೋಟಿನ ಹೊರಗೆ, ಅಡಿಯಲ್ಲಿ. ಅಲ್ಲಿ ನೀರು ಒಳಗೆ ಬರುವ ತೂತಿನ ಮೇಲೆ ಒಂದು ಮುಚ್ಚಳ ಇರ್ತದೆ. ಸೌಟನ್ನು ಕವುಚಿ ಹಾಕಿದ ಹಾಗೆ, ಸೀಳು ಸೀಳು ಜಾಲರಿ, ಒಂದು ಕಡೆ ಬಾಯಿ. ಸ್ಕೂಪ್ ಎನ್ನುತ್ತಾರೆ. ಆ ಬಾಯಿ ಬೋಟಿನ ಮುಂದಿನ ಕಡೆಗೆ ಇರಬೇಕು. ಆಗ ಬೋಟು ಮುಂದೆ ನುಗ್ಗಿದಷ್ಟೂ ನೀರು ತಾನಾಗಿ ಒಳಗೆ ತಳ್ಳಲ್ಪಡುತ್ತದೆ. ಬಾಯಿ ಹಿಂದಕ್ಕಾದರೆ? ಓಡುವ ನೀರು ಅದರ ಬೆನ್ನಿನ ಮೇಲೆ ಹಾದು ಹೋಗ್ತದೆ, ಬಾಯಿಯ ಹತ್ತಿರ ಒತ್ತಡ ಕಡಿಮೆಯಾಗಿ ಒಳಗಿನ ನೀರನ್ನೇ ಹೊರಗೆ ಎಳೀತದೆ, ಬೋಟಿನಡಿಯ ಗಾಳಿಗುಳ್ಳೆಗಳು ಅಲ್ಲಿ ಸುಳಿಯಾಗಿ ಸೇರಿಕೊಳ್ತವೆ. ನಿಂತಾಗ ಮಾತ್ರ ಬಾಯಿ ಎತ್ತ ಇದ್ದರೂ ಒಂದೇ.

"ಹೋದ ಮಳೆಗಾಲದಲ್ಲಿ ಎಂತ ಮಾಡಿದಿರಿ ಬೋಟಿಗೆ?"

"ಮೇಲೆ ಎಳೆದು ಅಡಿಗೆ ಪೈಂಟ್ ಕೊಡಿಸಿದ್ದು."

ಮುಗಿಯಿತಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ರಜೆ, ಆ ಎರಡು ತಿಂಗಳಲ್ಲಿ ನಮ್ಮಲ್ಲಿ ಎಲ್ಲ ಬೋಟುಗಳ ರಿಪೇರಿ, ಪೈಂಟು. ಈ ಬೋಟನ್ನೂ ಅದೇ ಹೊತ್ತಿಗೆ ಎಳೆದಿದ್ದಾರೆ. ಹುಡುಗರು ಸ್ಕೂಪ್ ಬಿಚ್ಚಿ, ಚಿಪ್ಪು ಕೆರೆದು, ಪೈಂಟ್ ಹೊಡೆದು ವಾಪಸ್ ಹಾಕಿದ್ದಾರೆ. ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ, ಎತ್ತ ತಿರುಗಿಸಿದರೂ ತೂತು ಕೂಡಿ ಬರ್ತದೆ. ಮೀನಿನ ಬೋಟಿನಲ್ಲಿ ಕೆಲಸ ಮಾಡಿದ ಹುಡುಗರಿಗೆ ಎಸಿಯ ಸ್ಕೂಪಿನ ಮುಖ ಯಾವುದು ಎಂದು ಹೇಗೆ ಗೊತ್ತಾಗಬೇಕು. ಹೇಳುವವರಾದರೂ ಯಾರಿದ್ದರು.

ಬೋಟನ್ನು ಮತ್ತೆ ದಡಕ್ಕೆ ಎಳೆಯುವುದೆಂದರೆ ದೊಡ್ಡ ಖರ್ಚು, ಮಳೆಗಾಲಕ್ಕೆ ಹೇಗೂ ಎಳೆಯಲಿಕ್ಕುಂಟು. ತಾಂಡೇಲರು ಯೋಚನೆ ಮಾಡಿ ಒಬ್ಬ ಹುಡುಗನಿಗೆ ಫೋನ್ ಮಾಡಿದರು. ಬಂಡೆಗಳ ಅಡಿಗೆ ಮುಳುಗಿ ಪಚ್ಚಿಲೆ ತೆಗೆಯುವವನು. ಹೊಳೆಯಲ್ಲಿ ಕೆಸರು ನೀರು, ಸ್ವಂತ ಕೈ ಕಾಣುವುದಿಲ್ಲ. ಹಾಗಾಗಿ ಬುಧವಾರ ಬೆಳಿಗ್ಗೆ ಅವನನ್ನು ಹತ್ತಿಸಿಕೊಂಡು ದ್ವೀಪದ ಮರೆಗೆ ಹೋಗಿ ಲಂಗರು ಹಾಕಿದೆವು. ಆ ಕಂಬ ಕಂಬದಂಥ ಕಲ್ಲುಗಳನ್ನು ನೋಡಲಿಕ್ಕೆ ಬಂದ ಜನರ ಬೋಟು ಆಗಲೇ ಶುರುವಾಗಿತ್ತು. ನಾವು ಇನ್ನೊಂದು ಬದಿಯಲ್ಲಿ. ಇಂಜಿನ್ ಬಂದ್, ಕೀಲಿಕೈ ನನ್ನ ಜೇಬಿನಲ್ಲಿ. ಬೋಟನ್ನು ತಳ್ಳುವ ಫ್ಯಾನಿನ (ಪ್ರೊಪೆಲ್ಲರಿನ) ಹತ್ತಿರ ಮನುಷ್ಯ ಮುಳುಗುವಾಗ ಕೀಲಿಕೈ ಮೇಲಿರುವವನ ಜೇಬಿನಲ್ಲೇ ಇರಬೇಕು. ಸೀಕಾಕ್ ಗಟ್ಟಿ ಮುಚ್ಚಿದೆ. ಸ್ಕ್ರೂಡ್ರೈವರನ್ನು ಹುಡುಗನ ಮಣಿಕಟ್ಟಿಗೆ ಬಲೆಯ ನೂಲಿನಿಂದ ಕಟ್ಟಿದೆವು.

ಮೊದಲ ಮುಳುಗಿಗೆ ಮೇಲೆ ಬಂದು ಕನ್ನಡಕ ಹಣೆಗೇರಿಸಿ, "ಬಾಯಿ ಹಿಂದೆ ಉಂಟು ಅಣ್ಣ" ಎಂದ.

ಅಷ್ಟು ಸಮಾಧಾನ ಇತ್ತೀಚೆಗೆ ಯಾವ ಮಾತಿನಿಂದಲೂ ಆಗಿರಲಿಲ್ಲ.

ನಾಲ್ಕು ಸ್ಕ್ರೂ ಬಿಚ್ಚಲಿಕ್ಕೆ ಹದಿನೇಳು ಮುಳುಗು. ಅಳಿಯ ಲೆಕ್ಕ ಮಾಡಿದ. ಪೈಂಟು ಸ್ಕ್ರೂವಿನ ಗೀರಿನ ಒಳಗೆಲ್ಲ ತುಂಬಿತ್ತು, ಚೂರಿಯ ತುದಿಯಿಂದ ಕೆರೆಯಬೇಕಾಯ್ತು. ನಾಲ್ಕನೆಯದು ಕೈ ಜಾರಿ ಕಡಲಿಗೆ ಹೋಯ್ತು. ಮೇಲೆ ಬಂದ ಸ್ಕೂಪ್ ಕಂಚಿನದ್ದು, ಒಳಗೆ ಅರ್ಧಕ್ಕರ್ಧ ಸುಣ್ಣದ ಚಿಪ್ಪು. ಅದನ್ನೆಲ್ಲ ಕೆರೆದು ಕೊಟ್ಟೆ. ಬಾಯಿ ಮುಂದೆ ಮಾಡಿ ಮೂರು ಸ್ಕ್ರೂವಿನಲ್ಲೇ ಕೂರಿಸಿದ. ನಾಲ್ಕನೆಯದ್ದಕ್ಕೆ ಸ್ಟೀಲಿನ ಸ್ಕ್ರೂ ಕೊಡುವ ಎಂದು ಕೈ ಹೋಯ್ತು, ಬಿಟ್ಟೆ. ಕಂಚಿಗೆ ಬೇರೆ ಜಾತಿಯ ಲೋಹ ತಾಗಿಸಿ ಉಪ್ಪುನೀರಿನಲ್ಲಿ ಇಟ್ಟರೆ ಎರಡರಲ್ಲಿ ಒಂದು ಸವೆದು ಹೋಗ್ತದೆ. ಜೂನಿನಲ್ಲಿ ಮೇಲೆ ಎಳೆದಾಗ ಕಂಚಿನದ್ದೇ ಹಾಕುವ ಎಂದು ಪುಸ್ತಕದಲ್ಲಿ ಬರೆದಿಟ್ಟೆ.

ವಾಪಸ್ ಬರುವಾಗ ಮತ್ತೆ ಹಲಗೆ ತೆಗೆದು ಸ್ಟ್ರೈನರಿನ ಎದುರು ಮಲಗಿದೆ. ತಾಂಡೇಲರು ಕೇಳಲೂ ಇಲ್ಲ, ಪೂರ್ತಿ ಕೊಟ್ಟರು. ಬೋಟು ಹಾರಿ ಹಾರಿ ಬೀಳುವಾಗ ನನ್ನ ತಲೆ ಎರಡು ಸಲ ಮಂಚದ ಕಾಲಿಗೆ ಬಡಿಯಿತು. ಸ್ಟ್ರೈನರಿನ ಒಳಗೆ ಒಂದು ಗುಳ್ಳೆ ಇಲ್ಲ. ನೀರು ನಿಂತಾಗಿನದ್ದಕ್ಕಿಂತ ಜೋರಾಗಿ ಸುತ್ತುತ್ತಾ ಇತ್ತು. ಬದಿಯಿಂದ ಬೀಳುವ ಧಾರೆ ಒಂದು ಮಾರು ಆಚೆ ಹೋಗಿ ಬೀಳ್ತಾ ಉಂಟು ಎಂದು ಅಳಿಯ ವರದಿ ಕೊಟ್ಟ. ಬೀಳುವ ನೀರು 35 ಡಿಗ್ರಿ, ಒಳಗಿನ ಗಾಳಿ 13.

ಬಿಲ್ಲು ಮಾಡುವಾಗ ಸೋಮವಾರದ ಲಿಂಬೆ ಉಪ್ಪಿನ ದುಡ್ಡು ಹಾಕಲಿಲ್ಲ. ಮುಳುಗಿದ ಹುಡುಗನ ಕೂಲಿಯನ್ನು ಯಜಮಾನರ ಕೈಯಿಂದಲೇ, ಅಲ್ಲೇ, ನಗದಾಗಿ ಕೊಡಿಸಿದೆ. ಅವರು ಸ್ಕೂಪ್ ತಿರುಗಿಸಿದ ಕಥೆ ಕೇಳಿ, "ಅಂದರೆ ಗ್ಯಾಸಿನ ಪ್ರಾಬ್ಲಮ್ಮೇ ಅಲ್ಲವಾ?" ಎಂದು ಮೂರು ಸಲ ಕೇಳಿದರು.

ಜೂನಿನಲ್ಲಿ ಬೋಟು ಮೇಲೆ ಬಂದಾಗ ನಾಲ್ಕನೇ ಸ್ಕ್ರೂ ಹಾಕಲಿಕ್ಕೆ ಹೋಗಿದ್ದೆ. ಮಳೆ ಸುರಿಯುತ್ತಿತ್ತು, ತಾಡಪಾಲಿನ ಅಡಿಗೆ ಹೊಸ ಪೈಂಟಿನ ಹುಡುಗರು ಕೆಲಸ ಮಾಡ್ತಾ ಇದ್ದರು. ಸ್ಕೂಪಿನ ಪಕ್ಕದಲ್ಲಿ ಬಿಳಿ ಪೈಂಟಿನಲ್ಲಿ ಒಂದು ದೊಡ್ಡ ಬಾಣದ ಗುರುತು, ಬೋಟಿನ ಮೂತಿಯ ಕಡೆಗೆ. ಬಾಣದ ಅಡಿಗೆ ಸೊಟ್ಟ ಅಕ್ಷರದಲ್ಲಿ "ಬಾಯಿ ಇಲ್ಲಿ" ಎಂದು ಬರೆದಿತ್ತು. ಯಾರು ಬರೆದದ್ದು ಎಂದು ಕೇಳಿದೆ. ಹುಡುಗರು ತಾಂಡೇಲರ ಕಡೆ ನೋಡಿದರು. ಅವರು ತಾಡಪಾಲಿನಲ್ಲಿ ನಿಂತ ಮಳೆನೀರನ್ನು ಕೋಲಿನಿಂದ ಎತ್ತಿ ಚೆಲ್ಲುತ್ತಿದ್ದರು.